ನೆನಪಿನ ಕಡತ

ಕಂಡುದನ್ನು ನೆನಪಿನಲ್ಲಿಟ್ಟುಕೊಳ್ಳುವ ಶಕ್ತಿ ಪ್ರಾಣಿಗಳಿಗೂ ಉಂಟು. ಬೇಸಗೆಯಲ್ಲಿ ಕಬಿನಿಯ ಹಿನ್ನೀರಿಗೆ ಇಳಿದುಬರುವ ಆನೆಗಳ ಹಿಂಡು ತನ್ನ ಹಿರಿಯಾನೆ ತೋರಿದ ದಾರಿಯನ್ನು ವರ್ಷವರ್ಷವೂ ಮರೆಯದೆ ಹಿಡಿಯುತ್ತದೆ. ಆದರೆ ತಾನು ಕಂಡುದನ್ನು, ಕೇಳಿದುದನ್ನು, ಅನುಭವಿಸಿದುದನ್ನು ತನ್ನ ಕಾಲಾನಂತರ ಹುಟ್ಟಿ ಬರುವವರಿಗಾಗಿ ಒಂದು ವಸ್ತುವಿನ ಮೇಲೆ ಗುರುತುಮಾಡಿ ಇಡುವ ವಿದ್ಯೆ ಮನುಷ್ಯನಿಗೆ ಮಾತ್ರ ಒಲಿದಿದೆ. ಕಲ್ಲು, ಓಲೆ, ಬಟ್ಟೆ, ಕಾಗದ ಇವೆಲ್ಲವೂ ಒಂದೊಂದು ಕಾಲದಲ್ಲಿ ಈ ಕೆಲಸಕ್ಕೆ ಒದಗಿಬಂದ ವಸ್ತುಗಳು. ಇಂದು ಅವುಗಳ ಸಾಲಿಗೆ ಗಣಕಯಂತ್ರವೂ ಮೊಬೈಲ್ ದೂರವಾಣಿಯೂ ಸೇರಿವೆ. ಮನೆಮನೆಯ ಪೆಟ್ಟಿಗೆಗಳಲ್ಲಿದ್ದ ಛಾಯಾಚಿತ್ರಗಳೂ ಪತ್ರಗಳೂ ಈಗ ಕಾಗದವನ್ನು ಬಿಟ್ಟು ಯಂತ್ರದೊಳಗೆ ಪ್ರವೇಶಿಸುತ್ತಿವೆ. ಈ ಸ್ಥಳಾಂತರದಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಬೆಳತೂರು ಎಂಬ ಊರಿದೆ. ಅಲ್ಲಿ ದೊರೆತ ಕ್ರಿ.ಶ. 1057ರ ಶಿಲಾಶಾಸನವೊಂದು ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಚಿರಪರಿಚಿತವಾದುದು. ರವಿಗನ ಮಗಳೂ ಏಚನ ಹೆಂಡತಿಯೂ ಆದ ದೇಕಬ್ಬೆ ಎಂಬುವಳ ಕಥೆ ಅದರಲ್ಲಿದೆ. ಗಂಡನು ರಾಜಾಜ್ಞೆಯಿಂದ ಹತನಾದ ಸುದ್ದಿಯನ್ನು ಕೇಳಿ, ಹೆತ್ತವರು ಬೇಡವೆಂದು ತಡೆದರೂ ನಿಲ್ಲದೆ ಆಕೆ ಬೆಂಕಿಯನ್ನು ಹೊಕ್ಕು ಪ್ರಾಣಬಿಟ್ಟಳು. ಆ ಕ್ರೂರ ಪದ್ಧತಿಯನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೂ ಮಗಳನ್ನು ಉಳಿಸಿಕೊಳ್ಳಲಾರದೆ ಹೋದ ಒಂದು ಕುಟುಂಬದ ದುಃಖವು ಸುಮಾರು ಒಂದು ಸಾವಿರ ವರ್ಷಗಳ ಅನಂತರವೂ ಓದುವವರ ಮನಸ್ಸನ್ನು ಕಲಕುತ್ತದೆ. ಅದಕ್ಕೆ ಕಾರಣ ಸ್ಪಷ್ಟವಾಗಿದೆ. ಮಗಳ ಹೆಸರು, ಗಂಡನ ಹೆಸರು, ತಂದೆಯ ಹೆಸರು, ನಡೆದ ಸಂಗತಿ ಇವಿಷ್ಟನ್ನೂ ಆ ಕಲ್ಲಿನಲ್ಲಿ ಅಕ್ಷರವಾಗಿ ಕೊರೆದಿದ್ದಾರೆ. ಇದೇ ನಾಡಿನ ಹಲವು ಊರುಗಳ ಹೊಲದ ಬದುಗಳಲ್ಲಿ, ಕೆರೆಯ ಏರಿಗಳ ಮೇಲೆ ಬರಹವಿಲ್ಲದ ವೀರಗಲ್ಲುಗಳೂ ನಿಂತಿವೆ. ಕೈಯಲ್ಲಿ ಬಿಲ್ಲೋ ಕತ್ತಿಯೋ ಹಿಡಿದ ವೀರನು ಅವುಗಳಲ್ಲಿ ಕಾಣುತ್ತಾನೆ. ಆದರೆ ಅವನು ಯಾರ ಮಗ, ಯಾವ ಊರಿನವನು, ಯಾವ ಕಾರಣಕ್ಕಾಗಿ ಮಡಿದನು ಎಂಬುದನ್ನು ಹೇಳುವವರು ಯಾರೂ ಇಲ್ಲ. ಚಿತ್ರ ಉಳಿದಿದೆ, ಮನುಷ್ಯನು ಮರೆಯಾಗಿದ್ದಾನೆ. ಈ ಎರಡು ಬಗೆಯ ಕಲ್ಲುಗಳ ನಡುವಣ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ವಿಷಯವು ಸುಲಭವಾಗಿ ತಿಳಿಯುತ್ತದೆ.

ಕಲ್ಲಿನ ಬರಹವೂ ತನ್ನಷ್ಟಕ್ಕೆ ತಾನೇ ಉಳಿದುದಲ್ಲ. ಬಿ. ಎಲ್. ರೈಸ್ ಅವರು ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಸನಗಳನ್ನು ಸಂಗ್ರಹಿಸಿ 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಶಾಸನವನ್ನು ನಕಲು ತೆಗೆಯುವ ಕ್ರಮ ಹೀಗಿದೆ: ಕಲ್ಲನ್ನು ತೊಳೆದು, ಅದರ ಮೇಲೆ ಒದ್ದೆಯಾದ ಕಾಗದವನ್ನು ಹರಡಿ, ಕುಂಚದಿಂದ ಮೆಲ್ಲನೆ ಬಡಿದು ಅಕ್ಷರಗಳ ಹಳ್ಳಗಳಿಗೆ ಕೂರಿಸಿ, ಮೇಲೆ ಮಸಿಯನ್ನು ಒತ್ತುತ್ತಾರೆ. ಅಕ್ಷರಗಳು ಬೆಳ್ಳಗೆ ಎದ್ದು ಕಾಣುತ್ತವೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಅದೇ ಗ್ರಂಥಮಾಲೆಯನ್ನು ಪರಿಷ್ಕರಿಸಿ ಪ್ರಕಟಿಸಿದಾಗ ಈ ತಾಲ್ಲೂಕಿನ ಶಾಸನಗಳು 1974ರಲ್ಲಿ ಮತ್ತೊಮ್ಮೆ ಅಚ್ಚಾದವು. ಕಲ್ಲಿನಿಂದ ಕಾಗದಕ್ಕೆ, ಕಾಗದದಿಂದ ಗ್ರಂಥಕ್ಕೆ, ಗ್ರಂಥದಿಂದ ಈಗ ಗಣಕಯಂತ್ರಕ್ಕೆ ಹೀಗೆ ಕೈಯಿಂದ ಕೈಗೆ ದಾಟುತ್ತ ಬಂದುದರಿಂದಲೇ ದೇಕಬ್ಬೆಯ ಕಥೆ ಇಂದಿನವರಿಗೆ ತಲಪಿದೆ.

ಮನೆತನದ ನೆನಪನ್ನು ಕಾಪಾಡಲು ಕನ್ನಡ ನಾಡಿನಲ್ಲಿ ಬೇರೆ ಏರ್ಪಾಡುಗಳೂ ಇದ್ದವು. ಎತ್ತಿನ ಮೇಲೆ ಕುಳಿತು ಊರೂರಿಗೆ ಬರುವ ಹೆಳವರು ತಮಗೆ ಸೇರಿದ ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಒಪ್ಪಿಸುತ್ತ ಬಂದವರು. ಮೂಲಪುರುಷನು ಯಾರು, ಯಾವ ಊರಿನಿಂದ ವಲಸೆ ಬಂದನು, ಅವನಿಗೆ ಮಕ್ಕಳೆಷ್ಟು ಎಂಬುದನ್ನು ಮನೆಯ ಯಜಮಾನನಿಗಿಂತ ಚೆನ್ನಾಗಿ ಅವರು ಬಲ್ಲರು. ಮಠಗಳಲ್ಲಿ, ಶ್ಯಾನುಭೋಗರ ಮನೆಗಳಲ್ಲಿ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಸವರಿ ಒಣಗಿಸಿ, ಮಡಿಕೆಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಕಾಲಕ್ರಮದಲ್ಲಿ ಕಡತವೆಂಬ ಮಾತು ಕಚೇರಿಯ ಕಾಗದಗಳ ಕಟ್ಟಿಗೆ ಸಂದಿತು. ಇಂದು ಗಣಕಯಂತ್ರದಲ್ಲಿ ಶೇಖರವಾಗುವ ಬರಹ, ಚಿತ್ರ, ಧ್ವನಿ ಇವುಗಳ ಒಂದೊಂದು ಘಟಕವನ್ನೂ ಕನ್ನಡದಲ್ಲಿ ಕಡತವೆಂದೇ ಕರೆಯುತ್ತಾರೆ. ಬಟ್ಟೆ ಹೋಗಿ ಕಾಗದ ಬಂದರೂ, ಕಾಗದ ಹೋಗಿ ಯಂತ್ರ ಬಂದರೂ ಮಾತು ಬದಲಾಗದೆ ನಿಂತಿದೆ.

ಛಾಯಾಚಿತ್ರ ಕಲೆಯು 1839ರಲ್ಲಿ ಫ್ರಾನ್ಸ್ ದೇಶದಲ್ಲಿ ಲೋಕಕ್ಕೆ ಪ್ರಕಟವಾಯಿತು. ಅದು ನಗರಗಳ ಶ್ರೀಮಂತರ ಮನೆಗಳನ್ನು ಮೊದಲು ಸೇರಿ, ಹಳ್ಳಿಗಳ ಸಾಮಾನ್ಯರ ಮನೆಗಳನ್ನು ಮುಟ್ಟುವುದಕ್ಕೆ ನೂರು ವರ್ಷಕ್ಕೂ ಮೇಲ್ಪಟ್ಟು ಕಾಲ ಹಿಡಿಯಿತು. ತಾಲ್ಲೂಕು ಕೇಂದ್ರದ ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ನಿಂತು ತೆಗೆಸಿಕೊಂಡ ಮದುವೆಯ ಚಿತ್ರ, ಕೃಷ್ಣನ ವೇಷ ಹಾಕಿ ಕೂರಿಸಿದ ಮಗುವಿನ ಚಿತ್ರ, ಶಾಲೆಯ ಏಳನೆಯ ತರಗತಿಯ ಗುಂಪುಚಿತ್ರ ಇವು ಗೋಡೆಯ ಮೇಲಿನ ಗಾಜಿನ ಚೌಕಟ್ಟನ್ನೋ, ಕಪ್ಪು ಹಾಳೆಗಳ ಸಂಪುಟವನ್ನೋ ಸೇರಿದವು. ಕೆಲವರು ಚಿತ್ರಗಳೊಡನೆ ಮದುವೆಯ ಕರೆಯೋಲೆ, ಅಂಚೆ ಕಾರ್ಡು, ರೈಲಿನ ಚೀಟಿ, ಅಂಕಪಟ್ಟಿ, ಪತ್ರಿಕೆಯ ತುಣುಕು ಮುಂತಾದುವನ್ನು ಅಂಟಿಸಿ ಪಕ್ಕದಲ್ಲಿ ಒಂದೆರಡು ಸಾಲು ಬರೆದು ಇಡುತ್ತಿದ್ದರು. ಇಂಥ ಅಂಟುಪುಸ್ತಕಕ್ಕೆ ಪಾಶ್ಚಾತ್ಯ ದೇಶಗಳಲ್ಲಿ ಸ್ಕ್ರ್ಯಾಪ್‌ಬುಕ್ ಎಂಬ ಹೆಸರಿದೆ. ಅಮೆರಿಕದ ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನ್ ಅಂಟುಪುಸ್ತಕಗಳಲ್ಲಿ ಬಹಳ ಆಸಕ್ತನಾಗಿದ್ದು, ಮೊದಲೇ ಅಂಟು ಸವರಿದ ಹಾಳೆಗಳುಳ್ಳ ಪುಸ್ತಕವೊಂದನ್ನು ರೂಪಿಸಿ 1873ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು.

ಹೆಗ್ಗಡದೇವನಕೋಟೆಯ ಕೆಲವು ಕುಟುಂಬಗಳಿಗೆ ಇಂಥ ಹಳೆಯ ಚಿತ್ರಗಳು ಕೇವಲ ವಿನೋದದ ವಸ್ತುಗಳಲ್ಲ. ಕೇರಳದ ವಯನಾಡಿನಲ್ಲಿ ಹುಟ್ಟಿ ಬರುವ ಕಬಿನಿ ನದಿಗೆ ಈ ಸೀಮೆಯ ಬೀಚನಹಳ್ಳಿಯ ಬಳಿ ಅಣೆಕಟ್ಟನ್ನು ಕಟ್ಟಿದರು. 1974ರಲ್ಲಿ ಅದು ಪೂರ್ಣವಾಯಿತು. ಸಾವಿರಾರು ಎಕರೆ ಭೂಮಿಗೆ ನೀರು ಒದಗಿತು. ಆದರೆ ಜಲಾಶಯದ ಒಡಲಲ್ಲಿ ಹಲವಾರು ಹಳ್ಳಿಗಳು ಮುಳುಗಿದವು. ಆ ಊರುಗಳ ಜನ ಗಾಡಿಗಳಲ್ಲಿ ಸಾಮಾನು ತುಂಬಿಕೊಂಡು ಬೇರೆ ನೆಲೆಗಳಿಗೆ ಹೋದರು. ಮನೆಯ ತೊಲೆ, ಬಾಗಿಲು, ಹೆಂಚುಗಳನ್ನು ಬಿಚ್ಚಿ ಒಯ್ಯಬಹುದು. ಊರಿನ ಬಾವಿಯನ್ನು, ಅರಳಿಕಟ್ಟೆಯನ್ನು, ಹಿರಿಯರ ಸಮಾಧಿಗಳನ್ನು ಒಯ್ಯಲಾಗದು. ಅಂಥ ಮನೆಯ ಜಗುಲಿಯ ಮೇಲೆ ಎಂದೋ ತೆಗೆಸಿಕೊಂಡ ಒಂದು ಛಾಯಾಚಿತ್ರವಿದ್ದರೆ, ಅದರ ಹಿನ್ನೆಲೆಯಲ್ಲಿ ಕಾಣುವ ಕಂಬ, ಗೋಡೆ, ಮರ ಇವೇ ಆ ಊರು ಇದ್ದುದಕ್ಕೆ ಉಳಿದಿರುವ ಸಾಕ್ಷ್ಯ. 1974ರಲ್ಲಿ ಹತ್ತು ವರ್ಷದ ಬಾಲಕನಾಗಿದ್ದವನು ಇಂದು ಅರುವತ್ತನ್ನು ದಾಟಿದ್ದಾನೆ. ಅಂದು ಮನೆಯ ಯಜಮಾನಿಕೆ ನಡೆಸುತ್ತಿದ್ದವರಲ್ಲಿ ಬದುಕಿರುವವರು ವಿರಳ. ಚಿತ್ರದಲ್ಲಿ ನಿಂತಿರುವವರ ಹೆಸರುಗಳನ್ನು ಹೇಳಬಲ್ಲವರು ವರ್ಷವರ್ಷವೂ ಕಡಮೆಯಾಗುತ್ತಿದ್ದಾರೆ. ಅವರೊಡನೆ ಹೆಸರುಗಳೂ ಹೋದರೆ, ಆ ಚಿತ್ರವು ಹೊಲದ ಬದುವಿನ ಬರಹವಿಲ್ಲದ ವೀರಗಲ್ಲಿನಂತೆಯೇ ಆಗುತ್ತದೆ.

ಕಾಗದಕ್ಕೂ ಆಯುಸ್ಸಿನ ಮಿತಿ ಉಂಟು. ಮರದ ತಿರುಳಿನಿಂದ ತಯಾರಾದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಪದಾರ್ಥ ಉಳಿದಿರುತ್ತದೆ. ಬೆಳಕು, ಗಾಳಿಗಳ ಸಂಪರ್ಕದಿಂದ ಅದು ಹಳದಿಯಾಗಿ, ಕಾಗದದಲ್ಲಿ ಆಮ್ಲವನ್ನು ಹೆಚ್ಚಿಸಿ, ಹಾಳೆಯನ್ನು ಪುಡಿಪುಡಿಯಾಗಿಸುತ್ತದೆ. ಹಳೆಯ ಪತ್ರಿಕೆಯ ತುಣುಕುಗಳು ಮುಟ್ಟಿದೊಡನೆ ಮುರಿಯುವುದು ಈ ಕಾರಣದಿಂದಲೇ. ಕಪ್ಪುಬಿಳುಪಿನ ಚಿತ್ರವು ಜೆಲಾಟಿನ್ ಎಂಬ ತೆಳುವಾದ ಪದರದೊಳಗೆ ಸಿಕ್ಕಿಕೊಂಡ ಬೆಳ್ಳಿಯ ಸೂಕ್ಷ್ಮ ಕಣಗಳಿಂದ ಆದುದು. ಜೆಲಾಟಿನ್ ಪ್ರಾಣಿಜನ್ಯ ಪದಾರ್ಥವಾದ ಕಾರಣ ಮಳೆಗಾಲದ ತೇವದಲ್ಲಿ ಬೂಷ್ಟಿಗೆ ಒಳ್ಳೆಯ ಆಹಾರವಾಗುತ್ತದೆ. ಕಾಡಿನಂಚಿನ ಊರುಗಳಲ್ಲಿ ಈ ಬಾಧೆ ಇನ್ನೂ ಹೆಚ್ಚು. ವರ್ಣಚಿತ್ರಗಳಲ್ಲಿ ಬೆಳ್ಳಿಯ ಬದಲು ಬಣ್ಣದ ದ್ರವ್ಯಗಳಿರುತ್ತವೆ. ಅವು ಬೆಳಕಿಗೆ ಬಹುಬೇಗ ಮಾಸುತ್ತವೆ. ಇದರಿಂದಾಗಿ ಅಜ್ಜನ ಕಪ್ಪುಬಿಳುಪು ಚಿತ್ರವು ಸ್ಪಷ್ಟವಾಗಿದ್ದು, ಮಗನ ವರ್ಣಚಿತ್ರವು ಕೆಂಪಗೆ ಮಂಕಾಗಿರುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಪ್ಲಾಸ್ಟಿಕ್ ಹೊದಿಕೆಯ ಅಂಟುಹಾಳೆಗಳ ಸಂಪುಟಗಳಲ್ಲಿ ಅಂಟೇ ಚಿತ್ರಕ್ಕೆ ಶತ್ರುವಾಗುತ್ತದೆ. ಗೆದ್ದಲು, ಬೆಳ್ಳಿಮೀನೆಂಬ ಹುಳು, ಸೋರುವ ಮಾಡು ಇವುಗಳ ವಿಷಯವನ್ನು ಬೇರೆ ಹೇಳಬೇಕಾಗಿಲ್ಲ.

ಹೀಗಿರಲು ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತರುವುದು ವಿವೇಕದ ಕಾರ್ಯ. ಡಿಜಿಟಲ್ ಎಂದರೆ ಅಂಕಿಗಳಿಗೆ ಸಂಬಂಧಿಸಿದುದು. ಯಂತ್ರವು ಚಿತ್ರವನ್ನು ರಂಗೋಲಿಯ ಚುಕ್ಕಿಗಳಂತೆ ಅಡ್ಡಸಾಲು, ಉದ್ದಸಾಲುಗಳಾಗಿ ವಿಂಗಡಿಸಿ, ಒಂದೊಂದು ಚುಕ್ಕಿಯ ಬಣ್ಣವನ್ನೂ ಅಂಕಿಗಳಲ್ಲಿ ಬರೆದುಕೊಳ್ಳುತ್ತದೆ. ಈ ಚುಕ್ಕಿಗೆ ಪಿಕ್ಸೆಲ್ ಎಂದು ಹೆಸರು. ಛಾಯಾಚಿತ್ರವನ್ನು ಹೀಗೆ ಮೊದಲು ಗಣಕಯಂತ್ರಕ್ಕೆ ಉಣಿಸಿದವರು ಅಮೆರಿಕದ ರಸೆಲ್ ಕಿರ್ಶ್ ಎಂಬ ವಿಜ್ಞಾನಿ. 1957ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ನಿರ್ಮಿಸಿದ ಸ್ಕ್ಯಾನರ್ ಯಂತ್ರದ ಮೇಲೆ ಅವರು ಇಟ್ಟ ಚಿತ್ರ ಯಾವುದೋ ರಾಜನದಲ್ಲ, ಯುದ್ಧನೌಕೆಯದೂ ಅಲ್ಲ. ಮೂರು ತಿಂಗಳ ಹಸುಳೆಯಾದ ತಮ್ಮ ಮಗನದು. ಅದರಲ್ಲಿ ಅಡ್ಡಕ್ಕೆ 176, ಉದ್ದಕ್ಕೆ 176 ಚುಕ್ಕಿಗಳಿದ್ದವು, ಒಟ್ಟು 30,976. ಹೀಗೆ ಡಿಜಿಟಲ್ ಚಿತ್ರಗಳ ಇತಿಹಾಸವು ಒಂದು ಕುಟುಂಬದ ನೆನಪಿನಿಂದಲೇ ಆರಂಭವಾಯಿತೆಂಬುದು ಸ್ವಾರಸ್ಯಕರ ಸಂಗತಿ.

ಇಂದಿನ ಲೆಕ್ಕವನ್ನು ಅದರೊಡನೆ ಹೋಲಿಸಬಹುದು. ನಾಲ್ಕು ಅಂಗುಲ ಅಗಲ, ಆರು ಅಂಗುಲ ಉದ್ದದ ಚಿತ್ರವನ್ನು ಅಂಗುಲಕ್ಕೆ 600 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ 2,400ನ್ನು 3,600ರಿಂದ ಗುಣಿಸಿದಷ್ಟು, ಅಂದರೆ 86,40,000 ಚುಕ್ಕಿಗಳಾಗುತ್ತವೆ. ಒಂದೊಂದು ಚುಕ್ಕಿಗೂ ಕೆಂಪು, ಹಸುರು, ನೀಲಿ ಎಂಬ ಮೂರು ಬಣ್ಣಗಳಿಗೆ ಒಂದೊಂದು ಬೈಟ್‌ನಂತೆ ಮೂರು ಬೈಟ್ ಬೇಕು. ಒಟ್ಟು 2,59,20,000 ಬೈಟ್. ಈ ಹೊರೆಯನ್ನು ತಗ್ಗಿಸಲು 1992ರಲ್ಲಿ ಜೆಪೆಗ್ ಎಂಬ ಕ್ರಮವು ಬಳಕೆಗೆ ಬಂದಿತು. ಕಣ್ಣಿಗೆ ಅಷ್ಟಾಗಿ ಗೋಚರಿಸದ ವಿವರಗಳನ್ನು ಬಿಟ್ಟು ಉಳಿದುದನ್ನು ಅದು ಅಡಕವಾಗಿ ಇಡುತ್ತದೆ. ಆದರೆ ಅಂಥ ಕಡತವನ್ನು ತಿದ್ದಿ ತಿದ್ದಿ ಉಳಿಸಿದಂತೆಲ್ಲ ಪ್ರತಿ ಸಲವೂ ಅಷ್ಟಿಷ್ಟು ವಿವರ ನಷ್ಟವಾಗುತ್ತದೆ. ಆದಕಾರಣ ಮೊದಲ ಪ್ರತಿಯನ್ನು ಮುಟ್ಟದೆ ಬೇರೆ ಇಟ್ಟು, ಅದರ ನಕಲನ್ನು ಮಾತ್ರ ತಿದ್ದುವುದು ತಿಳಿದವರ ಪದ್ಧತಿ.

ಡಿಜಿಟಲ್ ಸಂಪುಟದ ಪ್ರಯೋಜನಗಳು ಹಲವು. ಅಣ್ಣತಮ್ಮಂದಿರು ಮನೆ ಭಾಗಮಾಡಿಕೊಂಡಾಗ ಹೊಲ, ಹಸು, ಪಾತ್ರೆಗಳಂತೆ ಚಿತ್ರಗಳೂ ಚೆದರಿಹೋಗುವುದುಂಟು. ತಾಯಿಯ ಚಿತ್ರ ಒಬ್ಬನ ಮನೆ ಸೇರಿದರೆ ಮತ್ತೊಬ್ಬನ ಮಕ್ಕಳು ಅಜ್ಜಿಯ ಮುಖವನ್ನೇ ಕಾಣದೆ ಬೆಳೆಯುತ್ತಾರೆ. ಡಿಜಿಟಲ್ ಪ್ರತಿಯಾದರೋ ಎಷ್ಟು ಜನಕ್ಕೆ ಹಂಚಿದರೂ ಎಲ್ಲರಿಗೂ ಪೂರ್ಣವಾಗಿಯೇ ದೊರಕುತ್ತದೆ. ಮೈಸೂರು, ಬೆಂಗಳೂರು, ಹೊರದೇಶಗಳಲ್ಲಿ ನೆಲೆಸಿದ ಬಂಧುಗಳೂ ಅದನ್ನು ನೋಡಿ ತಮಗೆ ತಿಳಿದುದನ್ನು ಸೇರಿಸಬಹುದು. ಇನ್ನೂ ದೊಡ್ಡ ಲಾಭವೆಂದರೆ ಧ್ವನಿ. ಕಾಗದದ ಸಂಪುಟವು ಮಾತನಾಡದು. ಹೆಗ್ಗಡದೇವನಕೋಟೆಯ ಕಾಡಿನ ಆಸುಪಾಸಿನಲ್ಲಿ ಜೇನುಕುರುಬ, ಬೆಟ್ಟಕುರುಬ, ಯರವ ಮೊದಲಾದ ಸಮುದಾಯಗಳ ಜನರಿದ್ದಾರೆ. ಅವರಲ್ಲಿ ಎಷ್ಟೋ ಹಿರಿಯರ ಮನೆಗಳಲ್ಲಿ ಹಳೆಯ ಛಾಯಾಚಿತ್ರಗಳಾಗಲಿ ಪತ್ರಗಳಾಗಲಿ ಇಲ್ಲ. ಆದರೆ ಹಾಡುಗಳಿವೆ, ಕಾಡಿನೊಳಗಣ ಹಳೆಯ ಹಾಡಿಗಳ ಹೆಸರುಗಳಿವೆ, ಜೇನು ಕೀಳುವಾಗಿನ ಅನುಭವಗಳಿವೆ. ಕಾಗದದ ಯುಗದಲ್ಲಿ ಸ್ಥಾನ ಪಡೆಯದ ಈ ನೆನಪುಗಳಿಗೆ ಧ್ವನಿಮುದ್ರಣದ ಮೂಲಕ ಡಿಜಿಟಲ್ ಸಂಪುಟದಲ್ಲಿ ಸ್ಥಾನ ಲಭಿಸುತ್ತದೆ.

ಆದರೂ ಯಂತ್ರವನ್ನು ನಂಬಿ ನಿಶ್ಚಿಂತರಾಗುವುದು ಸಲ್ಲದು. ಇದಕ್ಕೆ ಇಂಗ್ಲೆಂಡಿನ ನಿದರ್ಶನವೊಂದನ್ನು ಕೊಡಬಹುದು. ಅಲ್ಲಿಯ ದೊರೆ ಮೊದಲನೆಯ ವಿಲಿಯಂ ತನ್ನ ರಾಜ್ಯದ ಊರು, ಹೊಲ, ಒಡೆಯರ ವಿವರಗಳನ್ನು 1086ರಲ್ಲಿ ಸಂಗ್ರಹಿಸಿ ಚರ್ಮದ ಹಾಳೆಗಳಲ್ಲಿ ಬರೆಯಿಸಿದನು. ಡೂಮ್ಸ್‌ಡೇ ಪುಸ್ತಕವೆಂಬ ಆ ಗ್ರಂಥವು ಬೆಳತೂರಿನ ಶಾಸನಕ್ಕಿಂತ 29 ವರ್ಷ ಚಿಕ್ಕದು. ಅದರ 900ನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿ.ಬಿ.ಸಿ. ಸಂಸ್ಥೆಯು ಹೊಸದೊಂದು ಡೂಮ್ಸ್‌ಡೇಯನ್ನು ಸಿದ್ಧಪಡಿಸಿತು. ಶಾಲೆಯ ಮಕ್ಕಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಜನ ತಮ್ಮ ಊರುಗಳ ಚಿತ್ರಗಳನ್ನೂ ವರ್ಣನೆಗಳನ್ನೂ ಕಳುಹಿಸಿದರು. ಅವೆಲ್ಲವನ್ನೂ ಲೇಸರ್ ತಟ್ಟೆಗಳಲ್ಲಿ ತುಂಬಲಾಯಿತು. ಆದರೆ 2002ರ ಸುಮಾರಿಗೆ ಆ ತಟ್ಟೆಗಳನ್ನು ಓದಬಲ್ಲ ಯಂತ್ರಗಳೇ ಅಪರೂಪವಾದವು. ತಜ್ಞರು ಬಹುವಾಗಿ ಶ್ರಮಿಸಿ ಅವುಗಳನ್ನು ಹೊಸ ಯಂತ್ರಗಳಿಗೆ ಸಾಗಿಸಬೇಕಾಯಿತು. ಒಂಬತ್ತು ಶತಮಾನಗಳ ಹಿಂದಿನ ಚರ್ಮದ ಪುಸ್ತಕವನ್ನು ಆಗಲೂ ತೆರೆದು ಓದಬಹುದಾಗಿತ್ತು. ಹದಿನಾರು ವರ್ಷಗಳ ಹಿಂದಿನ ತಟ್ಟೆಗಳು ಮೂಕವಾಗಿದ್ದವು.

ಇಂಥದೇ ಅನುಭವಗಳು ಭಾರತೀಯರಿಗೂ ಆಗಿವೆ. ಫ್ಲಾಪಿ ಎಂಬ ತಟ್ಟೆಯಲ್ಲಿ ಚಿತ್ರಗಳನ್ನು ಇಟ್ಟವರು ಇಂದು ಅದನ್ನು ಹಾಕುವ ಯಂತ್ರವನ್ನೇ ಕಾಣರು. ಆರ್ಕುಟ್ ಎಂಬ ಜಾಲತಾಣವು 2004ರಲ್ಲಿ ಆರಂಭವಾಗಿ ಭಾರತದ ಯುವಜನರಲ್ಲಿ ಬಹಳ ಜನಪ್ರಿಯವಾಯಿತು. ಗೆಳೆಯರು ಮಾತುಗಳನ್ನು ಬರೆದುಹೋಗುತ್ತಿದ್ದ ಪುಟಕ್ಕೆ ಅದರಲ್ಲಿ ಸ್ಕ್ರ್ಯಾಪ್‌ಬುಕ್ ಎಂದೇ ಹೆಸರಿತ್ತು. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ತಮ್ಮ ಚಿತ್ರಗಳನ್ನು ಇಳಿಸಿಕೊಳ್ಳಲು 2016ರವರೆಗೆ ಅವಕಾಶವಿದ್ದರೂ ಅದನ್ನು ಬಳಸಿಕೊಳ್ಳದವರ ಚಿತ್ರಗಳು ಮರಳಿ ಬರಲಿಲ್ಲ. ಕನ್ನಡದ ಬರಹಕ್ಕೆ ಸಂಬಂಧಿಸಿದ ತೊಡಕೂ ಒಂದುಂಟು. ಯೂನಿಕೋಡ್ ಎಂಬ ವಿಶ್ವಮಾನ್ಯ ಸಂಕೇತಕ್ರಮವು ಬಳಕೆಗೆ ಬರುವ ಮುನ್ನ ಕನ್ನಡದ ತಂತ್ರಾಂಶಗಳು ಬೇರೆ ಬೇರೆ ಸಂಕೇತಗಳನ್ನು ಅನುಸರಿಸುತ್ತಿದ್ದವು. ಅಂಥ ಕಡತವನ್ನು ಅದಕ್ಕೆ ತಕ್ಕ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಆದುದರಿಂದ ಚಿತ್ರದ ವಿವರಗಳನ್ನು ಯೂನಿಕೋಡ್ ಕನ್ನಡದಲ್ಲಿಯೇ ಬರೆಯುವುದು ಲೇಸು.

ಇನ್ನು ಸಂಪುಟವನ್ನು ಸಾಗಿಸುವ ಕ್ರಮ. ಮೊದಲು ಹಳೆಯ ಸಂಪುಟದ ಇಡೀ ಪುಟವನ್ನು ಇದ್ದಂತೆಯೇ ಚಿತ್ರಿಸಿಕೊಳ್ಳಬೇಕು. ಯಾವ ಚಿತ್ರದ ಪಕ್ಕದಲ್ಲಿ ಯಾವುದು ಇತ್ತೆಂಬುದೂ ಒಂದು ಸುಳಿವೇ ಆಗಿದೆ. ಅನಂತರ ಚಿತ್ರಗಳನ್ನು ಒಂದೊಂದಾಗಿ ತೆಗೆಯಬೇಕು. ಅಂಟಿಕೊಂಡುದನ್ನು ಬಲವಂತವಾಗಿ ಕೀಳಬಾರದು. ಸ್ಕ್ಯಾನರ್ ಇಲ್ಲದವರು ನೆರಳಿನ ಹಗಲು ಬೆಳಕಿನಲ್ಲಿ ಚಿತ್ರವನ್ನು ಸಮತಟ್ಟಾಗಿ ಇಟ್ಟು, ಮಿಂಚುಬೆಳಕನ್ನು ಬಳಸದೆ, ಮೊಬೈಲನ್ನು ಓರೆಯಾಗದಂತೆ ಹಿಡಿದು ಚಿತ್ರಿಸಬಹುದು. ಹಿಂಬದಿಯಲ್ಲಿ ಬರಹವೋ ಸ್ಟುಡಿಯೋದ ಮುದ್ರೆಯೋ ಇದ್ದರೆ ಅದನ್ನೂ ಬಿಡದೆ ಚಿತ್ರಿಸಬೇಕು. ಊರು, ಕಾಲಗಳನ್ನು ಗುರುತಿಸಲು ಅದು ನೆರವಾಗುತ್ತದೆ. ಕಡತದ ಹೆಸರಿನಲ್ಲಿ ವರ್ಷವನ್ನು ಮೊದಲಿಟ್ಟು, ಊರನ್ನೂ ಸಂದರ್ಭವನ್ನೂ ಸೇರಿಸಿದರೆ ಸಾವಿರ ಚಿತ್ರಗಳಿದ್ದರೂ ಅವು ಕಾಲಾನುಕ್ರಮವಾಗಿ ತಾವಾಗಿಯೇ ಸಾಲುಗೂಡುತ್ತವೆ. ವರ್ಷ ನಿಶ್ಚಯವಿಲ್ಲದಿದ್ದರೆ 'ಸುಮಾರು' ಎಂದು ಬರೆಯಬೇಕೇ ಹೊರತು ಊಹೆಯನ್ನು ಸತ್ಯವೆಂದು ದಾಖಲಿಸಬಾರದು.

ಇವೆಲ್ಲಕ್ಕಿಂತ ಮುಖ್ಯವಾದುದು ಹಿರಿಯರನ್ನು ಕೇಳುವುದು. ಅಜ್ಜಿಯ ಮುಂದೆ ಚಿತ್ರವನ್ನು ಇಟ್ಟು 'ಇವರು ಯಾರು' ಎಂದು ಕೇಳಿದರೆ ಒಂದು ಹೆಸರು ದೊರೆಯುತ್ತದೆ. 'ಈ ದಿನ ಮನೆಯಲ್ಲಿ ಏನು ನಡೆದಿತ್ತು' ಎಂದು ಕೇಳಿದರೆ ಒಂದು ಕಥೆ ದೊರೆಯುತ್ತದೆ. ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆದುಕೊಂಡು, ಆಕೆಯ ಮಾತುಗಳನ್ನು ಆಕೆಯ ಧ್ವನಿಯಲ್ಲಿಯೇ ಮುದ್ರಿಸಿಕೊಂಡು, ಎರಡನ್ನೂ ಚಿತ್ರದೊಡನೆ ಸೇರಿಸಿ ಇಡಬೇಕು. ಹಳೆಯ ಸಂಪುಟಗಳಲ್ಲಿ ಗಂಡಸರ ಹೆಸರುಗಳನ್ನು ಬರೆದು ಹೆಂಗಸರನ್ನು 'ಮನೆಯವರು' ಎಂದಷ್ಟೇ ಗುರುತಿಸಿರುವುದುಂಟು. ಆ ಕೊರತೆಯನ್ನು ತುಂಬಲು ಇದೇ ಸಮಯ. ಅನುಷಾ ಯಾದವ್ ಅವರು 2010ರಲ್ಲಿ ಆರಂಭಿಸಿದ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಎಂಬ ಜಾಲಸಂಗ್ರಹವು ಈ ಮಾತಿಗೆ ಒಳ್ಳೆಯ ಉದಾಹರಣೆ. ದೇಶದ ನಾನಾ ಭಾಗಗಳ ಕುಟುಂಬಗಳ ಹಳೆಯ ಚಿತ್ರಗಳು ಅದರಲ್ಲಿವೆ. ಚಿತ್ರವನ್ನು ನೀಡಿದವರು ಅದರ ಹಿಂದಿನ ಕಥೆಯನ್ನೂ ಬರೆದುಕೊಟ್ಟಿರುವುದರಿಂದ ಒಂದು ಮನೆಯ ನೆನಪು ದೇಶದ ಚರಿತ್ರೆಯ ಭಾಗವಾಗಿ ಪರಿಣಮಿಸಿದೆ. ಆದರೆ ಹೀಗೆ ಹೊರಗೆ ಪ್ರಕಟಿಸುವ ಮುನ್ನ ಚಿತ್ರದಲ್ಲಿರುವವರ ಒಪ್ಪಿಗೆಯನ್ನು ಪಡೆಯುವುದು ಅಗತ್ಯ. ಮನೆಯೊಳಗಿನ ದುಃಖಗಳೆಲ್ಲವೂ ಲೋಕದ ಕಣ್ಣಿಗೆ ಬೀಳಬೇಕಾದುವಲ್ಲ.

ಹೀಗೆ ಸಿದ್ಧವಾದ ಸಂಪುಟವನ್ನು ಒಂದೇ ಕಡೆ ಇಡುವುದು ಅಪಾಯ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಊರಿನಲ್ಲಿ — ಇದು ತಜ್ಞರು ಹೇಳುವ ಸೂತ್ರ. ಮೊಬೈಲ್ ನೀರಿಗೆ ಬಿದ್ದರೂ, ಗಣಕಯಂತ್ರ ಕೆಟ್ಟರೂ ಮೈಸೂರಿನ ಚಿಕ್ಕಪ್ಪನ ಮನೆಯಲ್ಲಿ ಒಂದು ಪ್ರತಿ ಉಳಿಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಆ ಪ್ರತಿಗಳನ್ನು ತೆರೆದು ನೋಡಿ, ಸಾಧನ ಹಳತಾಗಿದ್ದರೆ ಹೊಸದಕ್ಕೆ ಸಾಗಿಸಬೇಕು. ಹಿಂದೆ ಓಲೆಗರಿಯ ಗ್ರಂಥ ಜೀರ್ಣವಾದಾಗ ಲಿಪಿಕಾರರು ಹೊಸ ಗರಿಗೆ ಪ್ರತಿಮಾಡುತ್ತಿದ್ದರು. ಆ ಶ್ರದ್ಧೆಯಿಂದಲೇ ಪ್ರಾಚೀನ ಕಾವ್ಯಗಳು ಉಳಿದುವು. ಡಿಜಿಟಲ್ ಕಡತಕ್ಕೂ ಅದೇ ಶ್ರದ್ಧೆ ಬೇಕು. ಕಾಗದದ ಮೂಲಚಿತ್ರಗಳನ್ನು ಎಸೆಯುವುದಂತೂ ಕೂಡದು. ಅವುಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹಗುರವಾಗಿ ಹೆಸರು ಬರೆದು, ತೇವವಿಲ್ಲದ ತಂಪಾದ ಜಾಗದಲ್ಲಿ ಇಡಬೇಕು. ಯಂತ್ರದ ಪ್ರತಿ ಮೂಲಕ್ಕೆ ಕಾವಲುಗಾರನೇ ಹೊರತು ಉತ್ತರಾಧಿಕಾರಿಯಲ್ಲ.

ಈ ಕಾರ್ಯಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಬಿಡುವೂ ತಾಳ್ಮೆಯೂ ಬೇಕು. ಮೊಬೈಲನ್ನು ಬಳಸಬಲ್ಲ ಮೊಮ್ಮಗಳು, ಹೆಸರುಗಳನ್ನು ಬಲ್ಲ ಅಜ್ಜಿ ಇಬ್ಬರೂ ಒಂದು ಮಧ್ಯಾಹ್ನ ಒಂದೇ ಚಾಪೆಯ ಮೇಲೆ ಕುಳಿತರೆ ಅದು ಆರಂಭವಾಗುತ್ತದೆ. ಒಬ್ಬಳಿಗೆ ತಿಳಿದ ವಿದ್ಯೆ ಇನ್ನೊಬ್ಬಳಿಗೆ ತಿಳಿಯದು. ಇಬ್ಬರೂ ಸೇರದೆ ಕೆಲಸ ಪೂರ್ಣವಾಗದು. ಕಬಿನಿಯ ನೀರು ಇಳಿದಾಗ ಹಿನ್ನೀರಿನ ಅಂಚಿನಲ್ಲಿ ಹುಲ್ಲು ಚಿಗುರುತ್ತದೆ, ಆನೆಗಳು ಮೇಯಲು ಬರುತ್ತವೆ. ಆ ನೆಲದಲ್ಲಿ ಒಂದಾನೊಂದು ಕಾಲಕ್ಕೆ ಯಾರ ಮನೆ ಇತ್ತು, ಯಾರ ಕಣ ಇತ್ತು ಎಂಬುದನ್ನು ಹೇಳಬಲ್ಲವರು ಇನ್ನೂ ಕೆಲವರಿದ್ದಾರೆ. ಬೆಳತೂರಿನ ಕಲ್ಲಿಗೆ ದೇಕಬ್ಬೆಯ ಹೆಸರನ್ನು ಕೊಟ್ಟವರಂತೆ, ಮನೆಯ ಚಿತ್ರಗಳಿಗೆ ಅವರವರ ಹೆಸರನ್ನು ಕೊಡುವ ಹೊಣೆ ಇಂದಿನ ಮಕ್ಕಳ ಕೈಯಲ್ಲಿದೆ. ಹೇಳುವವರು ಇರುವಾಗಲೇ ಕೇಳಿ ಬರೆದುಕೊಳ್ಳುವುದು ವಿವೇಕಿಗಳ ಲಕ್ಷಣ.